ಕೊರಿಯಾದ ಅಡುಗೆಗೆ ಅನುವಾದಕರು ಏಕೆ ಸಿಗುತ್ತಿಲ್ಲ?

ಸಿಯೋಲ್‌ನ ಹೋಟೆಲುಗಳ ಇಂಗ್ಲಿಷ್ ಮೆನುಗಳಲ್ಲಿ ‘ಬೇರ್ ಸೂಪ್’, ಅಂದರೆ ಕರಡಿಯ ಸೂಪು, ಕಾಣಿಸಿಕೊಂಡದ್ದು ಕೊರಿಯನ್ನರೇ ಹೇಳಿಕೊಂಡು ನಗುವ ಹಳೆಯ ಕತೆ. ಮೂಲದಲ್ಲಿ ಅದು ಗೋಮ್‌ತಾಂಗ್, ದನದ ಮಾಂಸವನ್ನು ಗಂಟೆಗಟ್ಟಲೆ ಕುದಿಸಿ ತೆಗೆದ ಸಾರು. ‘ಗೋಮ್’ ಎಂಬ ಉಚ್ಚಾರಕ್ಕೆ ಕರಡಿ ಎಂಬ ಅರ್ಥವೂ ಇರುವುದರಿಂದ ಪಾಪದ ಕರಡಿ ಮಡಕೆಗೆ ಬಿತ್ತು. ಹಸಿ ದನದ ಮಾಂಸವನ್ನು ಸಣ್ಣಗೆ ಸೀಳಿ ಎಳ್ಳೆಣ್ಣೆಯಲ್ಲಿ ಕಲಸುವ ಯುಕ್ಹ್ವೆ ‘ಸಿಕ್ಸ್ ಟೈಮ್ಸ್’ ಆಯಿತು. ‘ಯುಕ್’ ಎಂದರೆ ಮಾಂಸವೂ ಹೌದು, ಆರೂ ಹೌದು. ‘ಹ್ವೆ’ ಎಂದರೆ ಹಸಿ ಮಾಂಸದ ತಿನಿಸೂ ಹೌದು, ‘ಸಲ’ ಎಂಬ ಎಣಿಕೆಯೂ ಹೌದು. ಹೆಪ್ಪುಗಟ್ಟಿಸಿದ ಪೊಲಾಕ್ ಮೀನಿನ ಸಾರು ದೊಂಗ್‌ತೆ ಜಿಗೆಗೆ, ‘ದೊಂಗ್‌ತೆ’ ಎಂಬ ಉಚ್ಚಾರಕ್ಕೆ ಚಲನಶೀಲ ಎಂಬ ಅರ್ಥವೂ ಇರುವುದರಿಂದ, ‘ಡೈನಾಮಿಕ್ ಸ್ಟ್ಯೂ’ ಎಂಬ ಭರ್ಜರಿ ಬಿರುದು ಸಿಕ್ಕಿತು.

ಇಂಥ ಎಡವಟ್ಟುಗಳಿಗೆ ಒಂದು ಕಾರಣ ಲಿಪಿಯಲ್ಲಿದೆ. ಕೊರಿಯನ್ ಪದಸಂಪತ್ತಿನ ದೊಡ್ಡ ಪಾಲು ಚೀನೀ ಮೂಲದ್ದು. ಆ ಪದಗಳನ್ನು ಚೀನೀ ಅಕ್ಷರಗಳಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಆರು ಯಾವುದು, ಮಾಂಸ ಯಾವುದು ಎಂಬುದು ಕಣ್ಣಿಗೇ ಗೊತ್ತಾಗುತ್ತಿತ್ತು. ಈಗ ಬರವಣಿಗೆಯೆಲ್ಲ ಹೆಚ್ಚುಕಡಿಮೆ ಉಚ್ಚಾರವನ್ನಷ್ಟೇ ಬರೆಯುವ ಕೊರಿಯಾದ ಸ್ವಂತ ಲಿಪಿ ಹಂಗುಲ್‌ನಲ್ಲೇ ನಡೆಯುತ್ತದೆ. ಉಚ್ಚಾರ ಒಂದೇ ಆದರೆ ಬರಹವೂ ಒಂದೇ. ಊಟಕ್ಕೆ ಕುಳಿತ ಮನುಷ್ಯನಿಗೆ ತಾನು ಹೋಟೆಲಿನಲ್ಲಿದ್ದೇನೆ ಎಂಬ ಅರಿವೇ ಸಾಕು, ಅರ್ಥ ತಾನಾಗಿ ಹೊಳೆಯುತ್ತದೆ. ನಿಘಂಟಿಗೆ ಆ ಅರಿವು ಇಲ್ಲ.

ಆದರೆ ಕರಡಿಯ ಕತೆ ಇವುಗಳಿಗಿಂತ ಸ್ವಲ್ಪ ಬೇರೆ. ಆ ‘ಗೋಮ್’ ಚೀನೀ ಪದವಲ್ಲ, ಅಚ್ಚ ಕೊರಿಯನ್. ‘ಗೋದಾ’ ಎಂಬ ಕ್ರಿಯಾಪದದಿಂದ ಹುಟ್ಟಿದ್ದು. ಸಣ್ಣ ಉರಿಯಲ್ಲಿ, ಸತ್ವವೆಲ್ಲ ನೀರಿಗೆ ಇಳಿಯುವ ತನಕ ಬಹಳ ಹೊತ್ತು ಕುದಿಸುವುದು ಎಂದು ಅದರ ಅರ್ಥ. ಅಂದರೆ ಆ ಖಾದ್ಯವನ್ನು ಮಾಡುವ ವಿಧಾನವೇ ಹೆಸರಾಗಿ ಕೂತಿತ್ತು, ಅನುವಾದದಲ್ಲಿ ಅದೇ ಕಳೆದುಹೋಯಿತು. ಕೊರಿಯಾದ ಅಡುಗೆ ಇಂಗ್ಲಿಷಿಗೆ ಹೋದ ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಆದದ್ದು ಇದೇ ಎಂಬುದು ನನ್ನ ವಾದ. ಖಾದ್ಯಗಳ ಹೆಸರುಗಳಿಗೆ ಸರ್ಕಾರ, ಹಣ, ಸಮಿತಿ, ನಿಘಂಟು ಎಲ್ಲವೂ ಸಿಕ್ಕವು. ಅಡುಗೆಯ ಕ್ರಿಯಾಪದಗಳು ಮಾತ್ರ ಅನಾಥವಾಗಿ ಉಳಿದವು. ಅಡುಗೆ ಪುಸ್ತಕ ಹೊರತರಲು ಹೊರಟವರು, ಆಹಾರ ರಫ್ತು ಮಾಡುವವರು ‘ಒಳ್ಳೆಯ ಅನುವಾದಕರು ಸಿಗುವುದಿಲ್ಲ’ ಎಂದು ಗೊಣಗುವುದರ ಬೇರು ಅಲ್ಲಿದೆ.

ಹೆಸರುಗಳಿಗೆ ಸಿಕ್ಕ ರಾಜಮರ್ಯಾದೆ

ಲೀ ಮ್ಯುಂಗ್-ಬಾಕ್ ಅಧ್ಯಕ್ಷರಾಗಿದ್ದಾಗ ದಕ್ಷಿಣ ಕೊರಿಯಾ ತನ್ನ ಅಡುಗೆಯನ್ನು 2017ರೊಳಗೆ ಜಗತ್ತಿನ ಮೊದಲ ಐದು ಪಾಕಪದ್ಧತಿಗಳ ಸಾಲಿಗೆ ಸೇರಿಸುವ ಗುರಿ ಹಾಕಿಕೊಂಡಿತು. ಅಧ್ಯಕ್ಷರ ಪತ್ನಿ ಕಿಮ್ ಯೂನ್-ಓಕ್ ಆ ಅಭಿಯಾನದ ಮುಂಚೂಣಿಯಲ್ಲಿದ್ದರು. 2010ರಲ್ಲಿ ಅದಕ್ಕೆಂದೇ ಒಂದು ಪ್ರತಿಷ್ಠಾನ ಹುಟ್ಟಿತು. ಇಂದಿನ ಕೊರಿಯನ್ ಆಹಾರ ಉತ್ತೇಜನ ಸಂಸ್ಥೆ ಅದರ ಮುಂದುವರಿಕೆ. ಮೊದಲು ಕೈಹಾಕಿದ್ದು ಹೆಸರುಗಳಿಗೆ. ಅಕ್ಕಿಹಿಟ್ಟಿನ ಕಡುಬಿನಂಥ ತುಂಡುಗಳನ್ನು ಖಾರದ ಗೊಜ್ಜಿನಲ್ಲಿ ಬೇಯಿಸುವ ಬೀದಿ ತಿಂಡಿ ತ್ತೊಕ್‌ಬೊಕ್ಕಿಯನ್ನು ವಿದೇಶಿಯರ ನಾಲಿಗೆ ಉಚ್ಚರಿಸಲಾರದು ಎಂದು ಅದಕ್ಕೆ ‘ತೊಪೊಕ್ಕಿ’ ಎಂಬ ಸುಲಭರೂಪವನ್ನು ಪ್ರಚಾರ ಮಾಡಿದರು. ಅಕ್ಕಿಯ ಹುಳಿಮದ್ಯ ಮಕ್ಕೊಲ್ಲಿಗೆ ಕೃಷಿ ಸಚಿವಾಲಯ 2010ರಲ್ಲಿ ‘ಡ್ರಂಕನ್ ರೈಸ್’, ಅಂದರೆ ಕುಡಿದ ಅಕ್ಕಿ, ಎಂಬ ಅಡ್ಡಹೆಸರು ಆರಿಸಿ ನಗೆಪಾಟಲಿಗೆ ಈಡಾಯಿತು. 2014ರಲ್ಲಿ ರಾಷ್ಟ್ರೀಯ ಕೊರಿಯನ್ ಭಾಷಾ ಸಂಸ್ಥೆ ಮುಖ್ಯವಾದ 200 ಖಾದ್ಯಗಳಿಗೆ ಇಂಗ್ಲಿಷ್, ಚೀನೀ, ಜಪಾನಿ ಭಾಷೆಗಳ ಪ್ರಮಾಣಿತ ರೂಪಗಳನ್ನು ಪ್ರಕಟಿಸಿತು. ಸುಲಭರೂಪದ ಗೀಳು ಅಷ್ಟು ಹೊತ್ತಿಗೆ ಇಳಿದಿತ್ತು.

ಇನ್ನು ಕಿಮ್ಚಿಯ ಹೆಸರಿನ ಸುತ್ತ ನಡೆದದ್ದು ಅಕ್ಷರಶಃ ರಾಜತಾಂತ್ರಿಕ ಸಮರ. ಜಪಾನಿನವರು ‘ಕಿಮುಚಿ’ ಎಂದು ಮಾರುತ್ತಿದ್ದಾಗ ಕೊರಿಯಾ ಅಂತರರಾಷ್ಟ್ರೀಯ ಆಹಾರ ಮಾನದಂಡಗಳ ಕೋಡೆಕ್ಸ್ ಸಂಸ್ಥೆಯವರೆಗೆ ಹೋಯಿತು. 2001ರಲ್ಲಿ ‘ಕಿಮ್ಚಿ’ ಎಂಬ ಹೆಸರಿನಲ್ಲೇ ಮಾನದಂಡ ಬಂತು. ಚೀನಾದ ಉಪ್ಪುನೀರಿನ ತರಕಾರಿ ‘ಪಾವ್‌ಚಾಯ್’ಗೆ 2020ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಒದ ಮಾನದಂಡ ಸಿಕ್ಕಾಗ ಮತ್ತೆ ಗದ್ದಲ, ಏಕೆಂದರೆ ಚೀನೀ ಭಾಷೆಯಲ್ಲಿ ಕಿಮ್ಚಿಯನ್ನೂ ಪಾವ್‌ಚಾಯ್ ಎನ್ನುವ ರೂಢಿಯಿತ್ತು. ಮರುವರ್ಷ ಕೊರಿಯಾದ ಸಂಸ್ಕೃತಿ ಸಚಿವಾಲಯ ಕಿಮ್ಚಿಯ ಚೀನೀ ರೂಪವಾಗಿ ‘ಶಿನ್‌ಚಿ’ ಎಂಬ ಹೊಸ ಪದವನ್ನೇ ಬಳಸಬೇಕು ಎಂದು ತನ್ನ ನಿಯಮಾವಳಿ ತಿದ್ದಿತು. ಅದೇ 2021ರ ಸೆಪ್ಟೆಂಬರ್‌ನಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಒಮ್ಮೆಗೇ 26 ಕೊರಿಯನ್ ಪದಗಳನ್ನು ಸೇರಿಸಿಕೊಂಡಿತು. ಬಾನ್‌ಚಾನ್, ಬುಲ್ಗೋಗಿ, ಗಾಲ್ಬಿ, ಜಾಪ್ಚೆ, ಕಿಮ್‌ಬಾಪ್, ಸಮ್‌ಗ್ಯೊಪ್‌ಸಾಲ್ ಎಂದು ಪಟ್ಟಿಯ ಸುಮಾರು ಮೂರನೆಯ ಒಂದು ಭಾಗ ಊಟದ ಮೇಜಿನದ್ದೇ. ಕೊರಿಯನ್ ಸರ್ಕಾರದ ರೋಮನ್ ಲಿಪಿ ನಿಯಮದ ಪ್ರಕಾರ ಕಿಮ್‌ಬಾಪ್ ‘ಗಿಮ್‌ಬಾಪ್’ ಆಗಬೇಕಿತ್ತು. ಆಕ್ಸ್‌ಫರ್ಡ್‌ನವರು ಬಳಕೆಯಲ್ಲಿದ್ದ ‘ಕಿಮ್‌ಬಾಪ್’ ಅನ್ನೇ ಉಳಿಸಿಕೊಂಡರು.

ಈ ಕೆಲಸ ವ್ಯರ್ಥ ಎನ್ನುತ್ತಿಲ್ಲ. ರಫ್ತಿಗೆ ಹೆಸರು ಬೇಕು, ಹೆಸರಿನ ಹಿಂದೆ ಸ್ವಾಭಿಮಾನವೂ ಇದೆ. ಆದರೆ ಹೆಸರಿನ ಪಟ್ಟಿ ಬಿಡುಗಡೆ ಮಾಡಿದರೆ ಸಚಿವರ ಫೋಟೊ ಬರುತ್ತದೆ, ‘ಸೊಪ್ಪನ್ನು ಎಷ್ಟು ಹಿಂಡಬೇಕು’ ಎಂಬುದನ್ನು ಸರಿಯಾಗಿ ಬರೆದರೆ ಯಾರ ಫೋಟೊವೂ ಬರುವುದಿಲ್ಲ.

ಒಂದೇ ‘ಬಾಯ್ಲ್’, ಒಂದೇ ‘ಫ್ರೈ’

ಕೊರಿಯನ್ ಅಡುಗೆಯ ಬರಹವನ್ನು ಬಿಡಿಸಿ ನೋಡಿದರೆ ಕಷ್ಟ ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ‘ಕ್ಕುರಿದಾ’ ಎಂದರೆ ದ್ರವವನ್ನು ಕುದಿಸುವುದು. ‘ಸಾಮ್‌ತಾ’ ಎಂದರೆ ಗಟ್ಟಿ ಪದಾರ್ಥವನ್ನು ನೀರಿನಲ್ಲಿ ಬೇಯಿಸುವುದು. ಆಲೂಗಡ್ಡೆ, ಮೊಟ್ಟೆ, ನೂಡಲ್ಸ್ ಹಾಗೆ ಬೇಯುತ್ತವೆ. ‘ದೆಚಿದಾ’ ಎಂದರೆ ಸೊಪ್ಪನ್ನು ಕುದಿವ ನೀರಿನಲ್ಲಿ ಅದ್ದಿ ಕೂಡಲೇ ತೆಗೆಯುವುದು. ‘ಗೋದಾ’ ಆಗಲೇ ಬಂದಿದೆ. ಅವಸರದ ಇಂಗ್ಲಿಷ್ ಅನುವಾದದಲ್ಲಿ ಈ ನಾಲ್ಕೂ ‘ಬಾಯ್ಲ್’ ಆಗುತ್ತವೆ. ಇನ್ನೊಂದು ಗುಂಪಿದೆ. ‘ಬೊಕ್ತಾ’ ಎಂದರೆ ಕೈಯಾಡಿಸುತ್ತ ಹುರಿಯುವುದು, ‘ಬುಚಿದಾ’ ಎಂದರೆ ಹಿಟ್ಟನ್ನು ಕಾವಲಿಯ ಮೇಲೆ ಹರಡಿ ದೋಸೆಯಂತೆ ಬೇಯಿಸುವುದು, ‘ತ್ವಿಗಿದಾ’ ಎಂದರೆ ಎಣ್ಣೆಯಲ್ಲಿ ಮುಳುಗಿಸಿ ಕರಿಯುವುದು. ಇವೆಲ್ಲಕ್ಕೂ ‘ಫ್ರೈ’. ಇಂಗ್ಲಿಷಿನಲ್ಲಿ ಬೇರೆ ಬೇರೆ ಪದಗಳಿಲ್ಲವೆಂದಲ್ಲ. ಒಲೆಯ ಮುಂದೆ ನಿಂತು ಗೊತ್ತಿರುವ ಅನುವಾದಕ ಅವನ್ನು ಹುಡುಕಿ ಹಾಕುತ್ತಾನೆ. ಭಾಷೆಯನ್ನಷ್ಟೇ ಬಲ್ಲವನು ಮೊದಲು ಹೊಳೆದದ್ದನ್ನು ಬರೆದು ಮುಂದೆ ಹೋಗುತ್ತಾನೆ.

‘ಮುಚಿದಾ’ ಎಂಬುದು ಇನ್ನೂ ತಲೆನೋವಿನದು. ಬೇಯಿಸಿ ಹಿಂಡಿದ ಸೊಪ್ಪಿಗೋ ಬೇರಿಗೋ ಎಣ್ಣೆ, ಸೋಯಾ ಸಾಸ್, ಬೆಳ್ಳುಳ್ಳಿ ಸೇರಿಸಿ ಕೈಯಿಂದ ಕಲಸುವುದು. ಹಾಗೆ ಮಾಡಿದ ಪಲ್ಯಗಳಿಗೆ ನಮುಲ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇದು ಒಂದು ಕಡೆ ‘ಸೀಸನ್’, ಇನ್ನೊಂದು ಕಡೆ ‘ಟಾಸ್’, ಮತ್ತೊಂದು ಕಡೆ ‘ಡ್ರೆಸ್’ ಆಗಿರುತ್ತದೆ. ಮೂರನ್ನೂ ಓದಿದ ವಿದೇಶಿ ಓದುಗನ ಕೈ ಇಕ್ಕಳಕ್ಕೋ ಚಮಚಕ್ಕೋ ಹೋಗುತ್ತದೆಯೇ ಹೊರತು ಸೊಪ್ಪಿಗೆ ಹೋಗುವುದಿಲ್ಲ. ಕೊರಿಯನ್ ಬರಹದಲ್ಲಿ ಅದರ ಜೊತೆ ‘ಜೊಮುಲ್ ಜೊಮುಲ್’ ಎಂಬ ಅನುಕರಣ ಪದವೂ ಇರುತ್ತದೆ. ಬೆರಳ ತುದಿಯಿಂದ ಮೆಲ್ಲಗೆ ಮತ್ತೆ ಮತ್ತೆ ಅದುಮುವುದನ್ನು ಅದು ಸೂಚಿಸುತ್ತದೆ.

ಅನುಕರಣ ಪದಗಳ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಕೊರಿಯನ್ ಅಡುಗೆ ಬರಹದಲ್ಲಿ ಇವು ಅಲಂಕಾರವಲ್ಲ, ಸೂಚನೆಗಳು. ‘ಬೊಗುಲ್ ಬೊಗುಲ್’ ಎಂದರೆ ಸಣ್ಣ ಗುಳ್ಳೆಗಳೇಳುವ ಕುದಿ. ಸ್ವರವೊಂದನ್ನು ಬದಲಿಸಿ ‘ಬುಗುಲ್ ಬುಗುಲ್’ ಎಂದರೆ ದೊಡ್ಡ ಗುಳ್ಳೆಗಳ ಜೋರು ಕುದಿ. ಉರಿ ಎಷ್ಟಿರಬೇಕು ಎಂಬುದನ್ನು ಆ ಸ್ವರವೇ ಹೇಳುತ್ತದೆ. ‘ಸೊಂಗ್ ಸೊಂಗ್’ ಎಂದರೆ ಈರುಳ್ಳಿ ಸೊಪ್ಪನ್ನು ತೆಳ್ಳಗೆ ಚಕಚಕನೆ ಹೆಚ್ಚುವುದು. ‘ಜಜಾಕ್’ ಎಂದರೆ ತರಕಾರಿ ಮುಳುಗಿತೋ ಇಲ್ಲವೋ ಎನ್ನುವಷ್ಟೇ ನೀರು. ‘ಕೊತಕೊತ ಕುದಿಯಲಿ’ ಎಂದು ಅಜ್ಜಿ ಹೇಳಿದ್ದನ್ನು ಕೇಳಿ ಬೆಳೆದ ಕನ್ನಡಿಗರಿಗೆ ಇದು ವಿವರಿಸಬೇಕಾದ ಸಂಗತಿಯೇ ಅಲ್ಲ. ಇಂಗ್ಲಿಷಿನ ಸಂಪಾದಕನಿಗೆ ಮಾತ್ರ ಇದು ಮಕ್ಕಳ ಮಾತಿನಂತೆ ಕಂಡು, ಮೊದಲ ತಿದ್ದುಪಡಿಯಲ್ಲೇ ಹಾರಿಹೋಗುತ್ತದೆ. ಅದರ ಬದಲು ‘ಮಧ್ಯಮ ಉರಿಯಲ್ಲಿ’ ಎಂದಾದರೂ ಬರೆಯಬೇಕಲ್ಲ? ಅದನ್ನು ಬರೆಯಬೇಕು ಎಂದು ಹೊಳೆಯುವುದಕ್ಕೂ ಅಡುಗೆ ಗೊತ್ತಿರಬೇಕು.

ವ್ಯಾಕರಣವೂ ಕೈಕೊಡುತ್ತದೆ. ಕೊರಿಯನ್ ವಾಕ್ಯದಲ್ಲಿ ಕರ್ತೃ ಕರ್ಮಗಳನ್ನು ಬಿಡುವುದು ಸಹಜ. ‘ಹಾಕಿ, ಹುರಿದು, ಸುರಿದು’ ಎಂದು ಸರಪಳಿ ಸಾಗುತ್ತದೆ, ಏನನ್ನು ಎಂಬುದನ್ನು ಓದುಗನೇ ಹಿಡಿದುಕೊಳ್ಳಬೇಕು. ‘-ದಗಾ’ ಎಂಬ ಪ್ರತ್ಯಯ ಬಂದರೆ ಒಂದು ಕೆಲಸ ಪೂರ್ತಿ ಮುಗಿಯುವ ಮುನ್ನ, ನಡುವೆಯೇ, ಇನ್ನೊಂದು ಶುರುವಾಗಬೇಕು ಎಂದರ್ಥ. ‘ಬೊಕ್‌ದಗಾ’ ನೀರು ಹಾಕು ಎಂದರೆ ಹುರಿಯುತ್ತಿರುವಾಗಲೇ ನೀರು ಹಾಕು, ಹುರಿದಾದ ಮೇಲಲ್ಲ. ಇಂಗ್ಲಿಷಿನಲ್ಲಿ ‘ಹುರಿಯಿರಿ, ಆಮೇಲೆ ನೀರು ಸೇರಿಸಿ’ ಎಂದಾದಾಗ ಬೆಳ್ಳುಳ್ಳಿ ಕಂದಿ ಕಹಿಯಾಗಿರುತ್ತದೆ.

ಪದಾರ್ಥಗಳ ಹೆಸರುಗಳಾದರೂ ಸುಲಭವೇ? ಪೊಲಾಕ್ ಎಂಬ ಒಂದೇ ಮೀನಿಗೆ ಕೊರಿಯನ್‌ನಲ್ಲಿ ಸ್ಥಿತಿಗೊಂದು ಹೆಸರು. ತಾಜಾ ಇದ್ದರೆ ಸೆಂಗ್‌ತೆ, ಹೆಪ್ಪುಗಟ್ಟಿಸಿದರೆ ದೊಂಗ್‌ತೆ, ಅರ್ಧ ಒಣಗಿಸಿದರೆ ಕೊದಾರಿ, ಪೂರ್ತಿ ಒಣಗಿಸಿದರೆ ಬುಗೊ, ಚಳಿಗಾಲದ ಗಾಳಿಯಲ್ಲಿ ಹೆಪ್ಪುಗಟ್ಟಿ ಕರಗಿ ಮತ್ತೆ ಹೆಪ್ಪುಗಟ್ಟುತ್ತ ಒಣಗಿದರೆ ಹ್ವಾಂಗ್‌ತೆ, ಎಳೆಯದಾದರೆ ನೊಗಾರಿ. ಒಂದರ ಬದಲು ಇನ್ನೊಂದು ಹಾಕಿದರೆ ಸಾರು ಸಾರಾಗುವುದಿಲ್ಲ. ‘ಸೋಯಾ ಸಾಸ್’ ಎಂಬ ಎರಡು ಪದಗಳ ಹಿಂದೆ ಕನಿಷ್ಠ ಎರಡು ಬಗೆಯ ದ್ರವಗಳಿವೆ. ಸಾರಿಗೆ ಹಾಕುವ ಗುಕ್‌ಗನ್‌ಜಾಂಗ್ ತಿಳಿಬಣ್ಣದ್ದು, ಹೆಚ್ಚು ಉಪ್ಪಿನದು. ಬೇಯಿಸಿ ಇಂಗಿಸುವ ಅಡುಗೆಗೆ ಹಾಕುವ ಜಿನ್‌ಗನ್‌ಜಾಂಗ್ ಕಪ್ಪು, ಸ್ವಲ್ಪ ಸಿಹಿ. ಅದಲುಬದಲಾದರೆ ಉಪ್ಪಿನ ಲೆಕ್ಕವೇ ತಪ್ಪುತ್ತದೆ. ಕೊರಿಯನ್ನರು ಮಾಂಸದ ತುಂಡನ್ನು ಸುತ್ತಿ ತಿನ್ನುವ ‘ಕ್ಕೆನ್ನಿಪ್’ ಎಲೆಯನ್ನು ಇಂಗ್ಲಿಷಿನಲ್ಲಿ ಬಹಳ ಕಡೆ ‘ಎಳ್ಳಿನ ಎಲೆ’ ಎಂದೇ ಬರೆದಿರುತ್ತಾರೆ. ಅದು ಎಳ್ಳಲ್ಲ, ಪುದೀನದ ಕುಟುಂಬಕ್ಕೆ ಸೇರಿದ ಪೆರಿಲ್ಲಾ. ಕೊರಿಯನ್ ಹೆಸರಿನಲ್ಲಿ ಎಳ್ಳಿನ ಪದವಿದೆ, ಗಿಡದಲ್ಲಿ ಎಳ್ಳಿಲ್ಲ; ನಮ್ಮ ಹುಚ್ಚೆಳ್ಳು ಎಳ್ಳಲ್ಲದ ಹಾಗೆ. ಸಿಖ್ಯೆ ಎಂದರೆ ಅಕ್ಕಿ ಮತ್ತು ಮೊಳಕೆ ಬಾರ್ಲಿಯ ಸಿಹಿ ಪಾನಕ, ಸಿಖೆ ಎಂದರೆ ಧಾನ್ಯದ ಜೊತೆ ಹುದುಗಿಸಿದ ಮೀನು. ಎರಡರ ಉಚ್ಚಾರ ಹೆಚ್ಚುಕಡಿಮೆ ಒಂದೇ. ಅತಿಥಿಗೆ ಯಾವುದು ಬಂತು ಎಂಬುದು ಅವನ ಅದೃಷ್ಟ.

ಕೆಲವೆಡೆ ತಪ್ಪು ರುಚಿಗಷ್ಟೇ ನಿಲ್ಲುವುದಿಲ್ಲ. ಅನ್ನಕ್ಕೆ ತರಕಾರಿಗಳನ್ನು ಕಲಸಿ ತಿನ್ನುವ ಬಿಬಿಂಬಾಪ್‌ಗೆ ಹಾಕುವ ‘ಗೊಸಾರಿ’ ಒಂದು ಜಾತಿಯ ಜರಿಗಿಡದ ಎಳೆ ಕಾಂಡ. ಹಸಿಯಾಗಿದ್ದಾಗ ಅದರಲ್ಲಿ ವಿಷಾಂಶವಿದೆ. ಬೇಯಿಸಿ, ನೀರು ಚೆಲ್ಲಿ, ನೆನೆಹಾಕಿಯೇ ಬಳಸಬೇಕು. ಕೊರಿಯನ್ ಓದುಗರಿಗೆ ಇದು ಬಾಲ್ಯದಿಂದ ಗೊತ್ತು, ಆದ್ದರಿಂದ ಎಷ್ಟೋ ಪಾಕವಿಧಾನಗಳು ಅದನ್ನು ಹೇಳುವುದೇ ಇಲ್ಲ. ಮೂಲದಲ್ಲಿ ಇಲ್ಲದ ವಾಕ್ಯವನ್ನು ಸೇರಿಸುವ ಧೈರ್ಯ ಅನುವಾದಕನಿಗೆ ಇಲ್ಲಿ ಬೇಕು. ಆಹಾರದ ಪೊಟ್ಟಣದ ಮೇಲಿನ ಬರಹವೂ ಹಾಗೆಯೇ. ಕೊರಿಯಾದ ಅಲರ್ಜಿ ಪಟ್ಟಿಯಲ್ಲಿ ಬಕ್‌ವೀಟ್, ಪೀಚ್, ಟೊಮೆಟೊ ಇವೆ, ಅಮೆರಿಕದ್ದರಲ್ಲಿ ಇಲ್ಲ. ಅಮೆರಿಕ 2023ರ ಜನವರಿಯಿಂದ ಎಳ್ಳನ್ನು ಒಂಬತ್ತನೆಯ ಅಲರ್ಜಿಕಾರಕವಾಗಿ ಸೇರಿಸಿದೆ. ಎಳ್ಳೆಣ್ಣೆಯಿಲ್ಲದ ಕೊರಿಯನ್ ಅಡುಗೆ ಅಪರೂಪ. ಪದಕ್ಕೆ ಪದ ಇಟ್ಟ ಅನುವಾದ ಭಾಷೆಯಾಗಿ ಸರಿಯಿದ್ದೂ ಕಾನೂನಿನ ಮುಂದೆ ಸೋಲಬಹುದು.

ಅಳತೆಗಳದ್ದು ಇನ್ನೊಂದು ಗೋಜಲು. ಕೊರಿಯಾದ ಕಪ್ 200 ಮಿಲಿಲೀಟರ್, ಅಮೆರಿಕದ್ದು ಸುಮಾರು 240. ‘ಗುನ್’ ಎಂಬ ತೂಕ ಮಾಂಸಕ್ಕಾದರೆ 600 ಗ್ರಾಂ, ತರಕಾರಿಗಾದರೆ ಸುಮಾರು 400. ಮನೆ ಅಡುಗೆಯ ಬರಹಗಳಲ್ಲಿ ಕಾಫಿ ಕುಡಿಯುವ ಕಾಗದದ ಲೋಟವೂ ಊಟದ ಚಮಚವೂ ಅಳತೆಗಳೇ. ಅಂಕಿಗಳು ಎಷ್ಟು ಕೈಕೊಡಬಲ್ಲವು ಎಂಬುದಕ್ಕೆ 2018ರ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್‌ನ ಪ್ರಸಂಗ ಪ್ರಸಿದ್ಧ. ನಾರ್ವೆ ತಂಡದ ಬಾಣಸಿಗರು ಗೂಗಲ್ ಅನುವಾದವನ್ನು ನೆಚ್ಚಿ 1,500 ಮೊಟ್ಟೆಗಳಿಗೆ ಬೇಡಿಕೆ ಕಳಿಸಿದರು, ಬಂದದ್ದು 15,000. ನಮ್ಮಲ್ಲಿ ಸಾವಿರ, ಲಕ್ಷ ಎಂಬ ಮೆಟ್ಟಿಲಿರುವಂತೆ ಕೊರಿಯನ್ ಎಣಿಕೆ ಹತ್ತುಸಾವಿರವನ್ನು ‘ಮಾನ್’ ಎಂಬ ಒಂದು ಘಟಕವಾಗಿ ಹಿಡಿಯುತ್ತದೆ ಎಂಬುದನ್ನು ಬಲ್ಲ ಮನುಷ್ಯನೊಬ್ಬ ನಡುವೆ ಇದ್ದಿದ್ದರೆ ಫೋನ್ ಮಾಡಿ ಕೇಳುತ್ತಿದ್ದ.

ಯಾವ ಅನುವಾದಕ ಬೇಕು?

‘ಅಡುಗೆಯ ಅನುವಾದಕ’ ಎಂಬ ಒಂದೇ ಹಣೆಪಟ್ಟಿಯಡಿ ಜನ ಹುಡುಕುವುದೇ ಮೊದಲ ಎಡವಟ್ಟು. ಚಲನಚಿತ್ರದ ಉಪಶೀರ್ಷಿಕೆ ಬರೆಯುವವನಿಗೆ ಎರಡು ಕ್ಷಣ ಸಿಗುತ್ತದೆ. ‘ಪ್ಯಾರಸೈಟ್’ ಚಿತ್ರದಲ್ಲಿ ಎರಡು ಬ್ರ್ಯಾಂಡ್‌ಗಳ ಸಿದ್ಧ ನೂಡಲ್ಸ್ ಬೆರೆಸಿ ಮಾಡುವ ‘ಚಪಗುರಿ’ ಬರುತ್ತದೆ. ಇಂಗ್ಲಿಷ್ ಉಪಶೀರ್ಷಿಕೆ ಬರೆದ ಡಾರ್ಸಿ ಪ್ಯಾಕೆಟ್ ನೂಡಲ್ಸ್ ಬಗೆಗಳ ಹೆಸರುಗಳಾದ ರಾಮೆನ್ ಮತ್ತು ಉಡಾನ್ ಪದಗಳನ್ನು ಕೂಡಿಸಿ ‘ರಾಮ್-ಡಾನ್’ ಎಂಬ ಹೊಸ ಪದವನ್ನೇ ಟಂಕಿಸಿದರು. ತೆರೆಯ ಮೇಲೆ ಅದು ಜಾಣ ಪರಿಹಾರ. ಪ್ರೇಕ್ಷಕನಿಗೆ ನೂಡಲ್ಸ್ ಎಂದು ಗೊತ್ತಾಯಿತು, ಕತೆ ಮುಂದೆ ಓಡಿತು. ಅಡುಗೆ ಪುಸ್ತಕದಲ್ಲಿ ಅದೇ ಜಾಣತನ ಅಪರಾಧ, ಏಕೆಂದರೆ ಅಂಗಡಿಯಲ್ಲಿ ‘ರಾಮ್-ಡಾನ್’ ಕೇಳಿದರೆ ಯಾರೂ ಕೊಡಲಾರರು. ಬಾಣಸಿಗನ ಆತ್ಮಕಥನಕ್ಕೆ ಗದ್ಯ ಬಲ್ಲವನು ಬೇಕು. ಪೊಟ್ಟಣದ ಬರಹಕ್ಕೆ ಕಾನೂನು ಬಲ್ಲವನು ಬೇಕು.

ಹಳೆಯ ಗ್ರಂಥಗಳ ಕತೆ ಇವೆಲ್ಲಕ್ಕಿಂತ ದೂರದ್ದು. 1670ರ ಸುಮಾರಿಗೆ ಜಾಂಗ್ ಗ್ಯೆ-ಹ್ಯಾಂಗ್ ಎಂಬ ಗೃಹಿಣಿ ಹಂಗುಲ್‌ನಲ್ಲಿ ಬರೆದ ‘ಉಮ್ಸಿಕ್ ದಿಮಿಬಾಂಗ್’ ಪುಸ್ತಕದಲ್ಲಿ 146 ವಿಧಾನಗಳಿವೆ, ಅದರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮದ್ಯ ತಯಾರಿಕೆಯದ್ದು. ಹೆಣ್ಣುಮಕ್ಕಳು ಇದನ್ನು ನಕಲು ಮಾಡಿಕೊಂಡು ಹೋಗಬಹುದು, ಪುಸ್ತಕವನ್ನೇ ಒಯ್ಯುವ ಯೋಚನೆ ಮಾಡಕೂಡದು ಎಂದು ಆಕೆ ಕೊನೆಯಲ್ಲಿ ಎಚ್ಚರಿಸುತ್ತಾಳೆ. ಇಂದು ಕೊರಿಯನ್ ಅಡುಗೆಯ ಗುರುತೇ ಆಗಿರುವ ಮೆಣಸಿನಕಾಯಿ ಆ ಪುಸ್ತಕದಲ್ಲಿಲ್ಲ. ಅದನ್ನು ಅನುವಾದಿಸುವವನು ಮೊದಲು ಹದಿನೇಳನೆಯ ಶತಮಾನದ ಕೊರಿಯನ್ ಓದಬೇಕು, ಬಳಕೆಯಿಂದ ಹೋದ ಅಕ್ಷರಗಳನ್ನು ಗುರುತಿಸಬೇಕು, ಆಗಿನ ‘ದ್ವೆ’ ಎಂಬ ಅಳತೆ ಇಂದಿನದಕ್ಕಿಂತ ಚಿಕ್ಕದು ಎಂದು ತಿಳಿದಿರಬೇಕು, ಆಮೇಲೆ ಒಲೆ ಹಚ್ಚಬೇಕು. ಇಂಥವರು ಒಂದು ಕೈಯ ಬೆರಳುಗಳಿಗಿಂತ ಹೆಚ್ಚಿದ್ದರೆ ನನಗೆ ಆಶ್ಚರ್ಯ.

ಕೊರಿಯನ್-ಇಂಗ್ಲಿಷ್ ಅನುವಾದಕ್ಕೆ ತರಬೇತಿ ಇಲ್ಲವೆಂದಲ್ಲ. ಸಿಯೋಲ್‌ನ ಹಾನ್‌ಕುಕ್ ವಿದೇಶಿ ಅಧ್ಯಯನ ವಿಶ್ವವಿದ್ಯಾಲಯ 1979ರಿಂದ ದುಭಾಷಿ ಮತ್ತು ಅನುವಾದ ತರಬೇತಿಯ ಶಾಲೆ ನಡೆಸುತ್ತಿದೆ, ಇಹ್ವಾ ಮಹಿಳಾ ವಿಶ್ವವಿದ್ಯಾಲಯದಲ್ಲೂ ಅಂಥದ್ದೊಂದಿದೆ. ಸಾಹಿತ್ಯಕ್ಕೆ ಕೊರಿಯಾ ಸಾಹಿತ್ಯ ಅನುವಾದ ಸಂಸ್ಥೆ ಇದೆ. ಅನುದಾನ, ಪ್ರಶಸ್ತಿ, ಅಕಾಡೆಮಿ ಎಲ್ಲವನ್ನೂ ಅದು ಕೊಡುತ್ತದೆ. 2024ರಲ್ಲಿ ಹಾನ್ ಕಾಂಗ್ ಅವರಿಗೆ ನೊಬೆಲ್ ಬಂದಾಗ ಅನುವಾದಕರ ಹೆಸರುಗಳೂ ಜಗತ್ತಿನ ಬಾಯಲ್ಲಿ ಬಂದವು. ಈ ಶಾಲೆಗಳಿಂದ ಹೊರಬಂದವರು ಹೋಗುವುದು ಸಮ್ಮೇಳನ, ಕಾನೂನು, ಕಂಪನಿ ಕೆಲಸಕ್ಕೆ. ಅಕಾಡೆಮಿಯಿಂದ ಬಂದವರು ಕಾದಂಬರಿಗೆ. ಪಾಕವಿಧಾನ ಇವೆರಡರ ನಡುವಿನ ಕಂದಕದಲ್ಲಿ ಬಿದ್ದಿದೆ, ಸಾಹಿತ್ಯವೂ ಅಲ್ಲ ದಾಖಲೆಯೂ ಅಲ್ಲ.

ಹಣದ ಲೆಕ್ಕವೂ ವಿರುದ್ಧವಾಗಿದೆ. ಅನುವಾದಕ್ಕೆ ಸಾಮಾನ್ಯವಾಗಿ ಪದದ ಅಥವಾ ಅಕ್ಷರದ ಲೆಕ್ಕದಲ್ಲಿ ಸಂಬಳ. ಪಾಕವಿಧಾನದಲ್ಲಿ ಪದಗಳೇ ಕಡಿಮೆ. ಪ್ರತ್ಯಯಗಳನ್ನೆಲ್ಲ ಪದಕ್ಕೇ ಅಂಟಿಸಿಕೊಳ್ಳುವ ಕೊರಿಯನ್‌ನಲ್ಲಂತೂ ಇನ್ನೂ ಕಡಿಮೆ. ‘ಸ್ವಲ್ಪ ಸೋಯಾ ಸಾಸ್’ ಎಂಬಷ್ಟಕ್ಕೆ ಸಿಗುವುದು ಚಿಲ್ಲರೆ ಕಾಸು, ಆದರೆ ಅದು ಯಾವ ಸೋಯಾ ಸಾಸ್ ಎಂದು ಲೇಖಕರನ್ನು ಕೇಳಿ, ಉತ್ತರ ಕಾದು, ವಿದೇಶದಲ್ಲಿ ಅದರ ಬದಲು ಏನು ಸಿಗುತ್ತದೆ ಎಂದು ಹುಡುಕುವುದಕ್ಕೆ ಅರ್ಧ ದಿನ ಹೋಗುತ್ತದೆ. ಚೆನ್ನಾಗಿ ಕೆಲಸ ಮಾಡಿದಷ್ಟೂ ಗಂಟೆಯ ಗಳಿಕೆ ಇಳಿಯುವ ಕೆಲಸಕ್ಕೆ ಬುದ್ಧಿವಂತರು ಬಂದರೂ ನಿಲ್ಲುವುದಿಲ್ಲ.

ಯಂತ್ರಾನುವಾದ ಬಂದಮೇಲೆ ಚಿತ್ರ ಇನ್ನಷ್ಟು ಕಲಕಿದೆ. ಕೊರಿಯಾದ ನೇವರ್ ಕಂಪನಿಯ ಅನುವಾದ ತಂತ್ರಾಂಶ ಪಾಪಾಗೋ 2016ರಿಂದ ಬಳಕೆಯಲ್ಲಿದೆ, ಅಂಥದ್ದೇ ಡೀಪ್‌ಎಲ್ 2023ರಲ್ಲಿ ಕೊರಿಯನ್ ಸೇರಿಸಿಕೊಂಡಿತು. ಕರಡಿಯ ಸೂಪಿನಂಥ ಬಾಲಿಶ ತಪ್ಪುಗಳು ಈಗ ಕಡಿಮೆ, ಅದನ್ನು ಒಪ್ಪಬೇಕು. ಸಾಹಿತ್ಯ ಅನುವಾದ ಸಂಸ್ಥೆಯ 2022ರ ಹೊಸಬರ ಪ್ರಶಸ್ತಿಯೊಂದು ವೆಬ್‌ಟೂನ್, ಅಂದರೆ ಅಂತರ್ಜಾಲದ ಚಿತ್ರಕತೆಗಳ, ವಿಭಾಗದಲ್ಲಿ ಪಾಪಾಗೋ ನೆರವಿನಿಂದ ಅನುವಾದಿಸಿದ ಜಪಾನಿ ಮಹಿಳೆಗೆ ಹೋದದ್ದು ತಿಳಿದಾಗ ದೊಡ್ಡ ಚರ್ಚೆಯೇ ನಡೆಯಿತು. ಅಡುಗೆಯ ಮಟ್ಟಿಗೆ ನನ್ನ ಆತಂಕ ಬೇರೆ. ಹಿಂದೆ ತಪ್ಪು ಅನುವಾದ ತಪ್ಪಾಗಿಯೇ ಕಾಣುತ್ತಿತ್ತು. ಈಗ ಯಂತ್ರ ಕೊಡುವ ಇಂಗ್ಲಿಷ್ ನುಣುಪಾಗಿದೆ, ‘ಬಾಯ್ಲ್’ ಎಂಬಲ್ಲಿ ‘ಬಾಯ್ಲ್’ ಇದೆ, ಓದಿದರೆ ಎಲ್ಲೂ ಎಡವುವುದಿಲ್ಲ. ಎಡವುವುದು ಅಡುಗೆ ಮಾಡುವವನು. ಪ್ರಕಾಶಕರು ಇಂಥ ಕರಡನ್ನು ಕೊಟ್ಟು ‘ತಿದ್ದಿ ಸಾಕು’ ಎಂದು ಕಡಿಮೆ ದರ ಹೇಳುತ್ತಾರೆ. ಹೊಸಬರು ಮೆನು, ಪೊಟ್ಟಣ, ಸಣ್ಣ ಲೇಖನಗಳನ್ನು ಮಾಡುತ್ತ ಕೈ ಪಳಗಿಸಿಕೊಳ್ಳುತ್ತಿದ್ದ ಮೆಟ್ಟಿಲು ಹೀಗೆ ಕಿತ್ತುಹೋಗಿದೆ.

ಸಿಗುವ ಜಾಗಗಳು

ಕೊರಿಯನ್ ಅಡುಗೆಯ ಒಳ್ಳೆಯ ಇಂಗ್ಲಿಷ್ ಬಹುಪಾಲು ಅನುವಾದದಿಂದ ಹುಟ್ಟಿಲ್ಲ ಎಂಬುದನ್ನು ಗಮನಿಸಬೇಕು. 2007ರಲ್ಲಿ ಯೂಟ್ಯೂಬ್‌ನಲ್ಲಿ ಅಡುಗೆ ತೋರಿಸಲು ಶುರುಮಾಡಿದ ಮಾಂಗ್ಚಿ ಕೊರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದವರು. ಅವರು ನೇರವಾಗಿ ಇಂಗ್ಲಿಷಿನಲ್ಲೇ ಹೇಳಿದರು, ಕೈಯಲ್ಲಿ ಕಲಸಿ ತೋರಿಸಿದರು, ಅರ್ಥವಾಗದವರ ಪ್ರಶ್ನೆಗಳಿಗೆ ಉತ್ತರಿಸುತ್ತ ಮಾತನ್ನು ತಿದ್ದಿಕೊಂಡರು. ವಲಸೆ ಹೋದ ಕುಟುಂಬಗಳ ಎರಡನೆಯ ತಲೆಮಾರಿನ ಬರಹಗಾರರೂ ಬಾಣಸಿಗರೂ ಅದೇ ದಾರಿಯಲ್ಲಿದ್ದಾರೆ. ಪದವಿಪತ್ರವಿಲ್ಲದ ಅನುವಾದಕರು ಇವರೇ. ಇವರಲ್ಲಿ ಅನೇಕರು ತಮ್ಮನ್ನು ಅನುವಾದಕರೆಂದು ಕರೆದುಕೊಳ್ಳದೇ ಇರುವುದರಿಂದ ಅನುವಾದಕರ ಪಟ್ಟಿಗಳಲ್ಲಿ ಹುಡುಕಿದರೆ ಸಿಗುವುದಿಲ್ಲ.

ಎರಡು ಭಾಷೆ, ಒಂದು ಒಲೆ, ಮೂರನ್ನೂ ಬಲ್ಲ ಒಬ್ಬನೇ ಮನುಷ್ಯನಿಗಾಗಿ ಕಾಯುವುದಕ್ಕಿಂತ ಇಬ್ಬರನ್ನು ಕೂಡಿಸುವುದು ಲೇಸು. ಕೊರಿಯನ್ ಅಡುಗೆ ಬಲ್ಲ, ಇಂಗ್ಲಿಷಿನಲ್ಲಿ ಒರಟಾಗಿಯಾದರೂ ಬರೆಯಬಲ್ಲ ಒಬ್ಬರು. ಕೊರಿಯನ್ ಬಾರದ, ಆದರೆ ಇಂಗ್ಲಿಷ್ ಪಾಕವಿಧಾನದ ಶಿಸ್ತು ಬಲ್ಲ ಸಂಪಾದಕರು ಇನ್ನೊಬ್ಬರು. ಕೆಲಸ ಕೊಡುವ ಮುನ್ನ ಒಂದು ನಮುಲ್, ಒಂದು ಸಾರು, ಒಂದು ಹುದುಗು ಅಡುಗೆಯ ಬರಹ ಕೊಟ್ಟು ನೋಡಿದರೆ ಸಾಕು. ಸಂದೇಹಗಳ ಪಟ್ಟಿಯೊಂದಿಗೆ ಹಿಂದಿರುಗಿದವರನ್ನು ಆರಿಸಬೇಕು. ಒಂದೂ ಪ್ರಶ್ನೆ ಕೇಳದೆ ಮರುದಿನವೇ ಮುಗಿಸಿಕೊಟ್ಟವರಿಂದ ದೂರವಿರುವುದು ಒಳ್ಳೆಯದು, ಇಂಗ್ಲಿಷ್ ಎಷ್ಟೇ ಸೊಗಸಾಗಿದ್ದರೂ. ಸಂಬಳವನ್ನು ಪದಕ್ಕಲ್ಲ, ಪಾಕವಿಧಾನಕ್ಕೆ ಇಷ್ಟು ಎಂದು ನಿಗದಿ ಮಾಡಬೇಕು. ಕೊನೆಯಲ್ಲಿ ಕೊರಿಯನ್ ಒಂದಕ್ಷರವೂ ಬಾರದವರ ಕೈಗೆ ಇಂಗ್ಲಿಷ್ ಪ್ರತಿ ಕೊಟ್ಟು ಅಡುಗೆ ಮಾಡಿಸಬೇಕು. ಈ ಖರ್ಚನ್ನು ಪ್ರಕಾಶಕರು ಅನುವಾದಕರ ತಲೆಗೆ ಕಟ್ಟುವುದು ಅನ್ಯಾಯ. ಹೆಸರುಗಳಿಗೆ ಇಷ್ಟು ವರ್ಷ ಹಣ ಸುರಿದ ಸರ್ಕಾರಿ ಸಂಸ್ಥೆಗಳು ಹೊರಬಹುದಾದ ಹೊರೆ ಅದು.

ಇದು ದೂರದ ದೇಶದ ಸಂಗತಿ ಎನಿಸಿದರೂ ಕೊರಿಯನ್ ಧಾರಾವಾಹಿಗಳ ಗುಂಗಿನಲ್ಲಿ ಕಿಮ್ಚಿ ಹಾಕಲು ಹೊರಟ ನಮ್ಮ ಯುವಜನರಿಗೆ ಸಿಗುವುದು ಈ ಇಂಗ್ಲಿಷೇ. ಕನ್ನಡಕ್ಕೆ ಬರುವ ಕೊರಿಯನ್ ಪಾಕವಿಧಾನಗಳು ಬರುವುದೂ ಇಂಗ್ಲಿಷಿನ ಮೂಲಕ. ಇಲ್ಲೊಂದು ವಿಚಿತ್ರವಿದೆ. ಕೊರಿಯನ್‌ನ ಸಾಮ್‌ತಾ ಮತ್ತು ಕ್ಕುರಿದಾ ನಮ್ಮ ಬೇಯಿಸು ಮತ್ತು ಕುದಿಸು. ಬೊಕ್ತಾ, ತ್ವಿಗಿದಾ ನಮ್ಮ ಹುರಿ ಮತ್ತು ಕರಿ. ಅವರು ‘ಸೋನ್‌ಮತ್’ ಎಂದು ಹೊಗಳುವುದು ನಾವು ಕೈರುಚಿ ಎನ್ನುವುದನ್ನೇ. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ‘ಹೆಚ್ಚಿ, ಹುರಿದು, ಸುರಿದು’ ಎಂಬ ಸರಪಳಿಯೂ ಹಾಗೆಯೇ ಇಳಿಯುತ್ತದೆ. ಇಷ್ಟು ಹತ್ತಿರದ ಎರಡು ಅಡುಗೆಮನೆಗಳ ನಡುವೆ ಇಂಗ್ಲಿಷ್ ನಿಂತು ಎಲ್ಲವನ್ನೂ ‘ಬಾಯ್ಲ್’, ‘ಫ್ರೈ’ ಮಾಡಿ ದಾಟಿಸುತ್ತಿದೆ, ಕನ್ನಡದ ಅನುವಾದಕ ಮತ್ತೆ ಊಹೆ ಮಾಡುತ್ತಿದ್ದಾನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢಶಾಲೆಯಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳಲ್ಲಿ ಕೊರಿಯನ್ ಅನ್ನೂ ಹೆಸರಿಸಿದೆ; ಬೆಂಗಳೂರಿನಲ್ಲಿ ಸ್ಯಾಮ್‌ಸಂಗ್, ಎಲ್‌ಜಿಗಳ ಸಂಶೋಧನಾ ಕೇಂದ್ರಗಳಿವೆ, ಕೊರಿಯನ್ ಕಲಿತವರಿಗೆ ಅಲ್ಲಿ ಕೆಲಸವೂ ಇದೆ. ಹಾಗೆ ಕಲಿತವರಲ್ಲಿ ಅಡುಗೆ ಬಲ್ಲ ನಾಲ್ಕು ಮಂದಿ ನೇರವಾಗಿ ಕೊರಿಯನ್‌ನಿಂದಲೇ ಕನ್ನಡಕ್ಕೆ ತಂದರೆ, ಇಂಗ್ಲಿಷಿನಲ್ಲಿ ಎಷ್ಟೋ ಪುಸ್ತಕಗಳಿಗೆ ದಕ್ಕದ ನಿಖರತೆ ಮೊದಲ ಪ್ರಯತ್ನದಲ್ಲೇ ದಕ್ಕೀತು. ಪೆರಿಲ್ಲಾ ಎಲೆ ಎಲ್ಲಿ ಸಿಗುತ್ತದೆ ಎಂಬ ಅಡಿಟಿಪ್ಪಣಿಯನ್ನು ಮಾತ್ರ ಅವರು ಸೇರಿಸಬೇಕಾದೀತು.